‘ದುಡ್ಡಿನ ಚಿಂತೆ ನಮಗಿರಲಿ’: ಮಗಳ ಆಡಿಷನ್ ವರ್ಷದ ಒಂದು ಪ್ರಕರಣ

ಅಮೆರಿಕದ ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್ ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. 2023ರಲ್ಲಿ ಅದು ತೆರೆದ ರಾತ್ರಿ ನಮ್ಮ ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹದಿಮೂರು ಕಾಲೇಜುಗಳ ಹೆಸರು ಸೇರಿಸಿದಳು. ಹದಿಮೂರೂ ಮ್ಯೂಸಿಕಲ್ ಥಿಯೇಟರ್‌ಗೆ, ಅಂದರೆ ಹಾಡು, ನಟನೆ, ಕುಣಿತ ಮೂರನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷದ ಬಿಎಫ್‌ಎ ಪದವಿಗೆ. ಮುಗಿಸಿ ತಲೆಯೆತ್ತಿ, “ಇದಕ್ಕೆಲ್ಲ ಎಷ್ಟಾಗುತ್ತದೆ ಅಮ್ಮ?” ಎಂದು ಕೇಳಿದಳು. ನಾನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡದೆಯೇ ಒಂದೇ ಉತ್ತರ ಕೊಟ್ಟೆವು: “ನೀನು ಸೀಟು ತೆಗೆದುಕೋ. ದುಡ್ಡಿನ ಚಿಂತೆ ನಮಗಿರಲಿ.”

ಆ ವರ್ಷ ನಾವು ಮಾಡಿದ ತಪ್ಪುಗಳಲ್ಲೆಲ್ಲ ದೊಡ್ಡದು ಈ ಮಾತು. ಇದನ್ನು ನನಗೆ ಕಲಿಸಿದವರು ನನ್ನ ಅಪ್ಪ. ದಾವಣಗೆರೆಯಲ್ಲಿ ಮೇಷ್ಟ್ರಾಗಿದ್ದ ಅವರು ನನ್ನ ಓದಿಗೆ ಪಿಎಫ್‌ನಿಂದ ಸಾಲ ತೆಗೆದಿದ್ದರು ಎಂಬುದು ನನಗೆ ತಿಳಿದದ್ದೇ ಮದುವೆಯಾದ ಮೇಲೆ. ಪ್ರೀತಿ ಎಂದರೆ ಲೆಕ್ಕವನ್ನು ಮಕ್ಕಳ ಕಣ್ಣಿನಿಂದ ಮರೆಮಾಡುವುದು ಎಂದೇ ನಾನು ನಂಬಿ ಬೆಳೆದೆ. ಆ ನಂಬಿಕೆ ಇಲ್ಲಿ ಹೇಗೆ ಎಡವಿತು, ಅದನ್ನು ಹೇಗೆ ತಿದ್ದಿಕೊಂಡೆವು ಎಂಬುದನ್ನು ಬರೆಯುತ್ತಿದ್ದೇನೆ. ಮಗಳು ಇದನ್ನು ಕೇಳಿಸಿಕೊಂಡು ಒಪ್ಪಿದ್ದಾಳೆ. ಹೆಸರುಗಳನ್ನೂ ಅವಳಿಗೆ ಬೇಡ ಎಂದ ಕಾಲೇಜುಗಳನ್ನೂ ಬಿಟ್ಟಿದ್ದೇನೆ.

ಮನೆ

ನಾವಿರುವುದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹೊರವಲಯದಲ್ಲಿ. ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಗಂಡ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರ್. ಮಗಳ ಹಿಂದೆ ಒಬ್ಬ ತಮ್ಮನಿದ್ದಾನೆ, ಆಗ ಎಂಟನೆಯ ತರಗತಿ. ಮಗಳು ಆರು ವರ್ಷದಿಂದ ಕರ್ನಾಟಕ ಸಂಗೀತ, ಏಳು ವರ್ಷದಿಂದ ಭರತನಾಟ್ಯ ಕಲಿತವಳು. ಪಂಪ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಲ್ಲಿ ಹಾಡಿ ಕುಣಿದು ಬೆಳೆದವಳು. ಒಂಬತ್ತನೆಯ ತರಗತಿಯಲ್ಲಿ ಶಾಲೆಯ ಸಂಗೀತ ನಾಟಕದ ಗುಂಪಿನಲ್ಲಿ ನಿಂತು ಬಂದ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಅಲ್ಲಿಂದ ಮುಂದೆ ಬೇರೆ ಮಾತೇ ಇರಲಿಲ್ಲ.

ನೆಂಟರಲ್ಲಿ ಎದ್ದ ಪ್ರಶ್ನೆಗಳನ್ನು ನೀವು ಊಹಿಸಬಲ್ಲಿರಿ. ಅವುಗಳಿಗೆ ಉತ್ತರ ಕೊಟ್ಟದ್ದು ನಾವಲ್ಲ, ನನ್ನ ಅಪ್ಪ. ಚಿಕ್ಕಂದಿನಲ್ಲಿ ಕಂಪನಿ ನಾಟಕಗಳನ್ನು ರಾತ್ರಿಯಿಡೀ ನೋಡಿದವರು ಅವರು. “ನಮ್ಮಲ್ಲಿ ಹಾಡುವವನು ಬೇರೆ, ನಟಿಸುವವನು ಬೇರೆ ಎಂದು ಎಂದಾದರೂ ಇತ್ತೇ? ರಾಜಕುಮಾರ್ ಗುಬ್ಬಿ ಕಂಪನಿಯಲ್ಲಿ ಬೆಳೆದವರು, ಅದಕ್ಕೇ ನಟನೆಯ ಜೊತೆಗೆ ಹಾಡೂ ಅವರಿಗೆ ಒಲಿಯಿತು” ಎಂದು ಅವರು ಫೋನಿನಲ್ಲಿಯೇ ವಾದಿಸುತ್ತಿದ್ದರು. ಬಿ.ವಿ. ಕಾರಂತರ ಕಥೆಯನ್ನಂತೂ ಮೊಮ್ಮಗಳಿಗೆ ಹತ್ತು ಸಲ ಹೇಳಿದ್ದಾರೆ: ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು, ಅವರನ್ನು ಓದಲೆಂದು ಕಾಶಿಗೆ ಕಳುಹಿಸಿದ್ದೂ ವೀರಣ್ಣನವರೇ. “ನಾಟಕದ ಹುಡುಗನ ಓದಿಗೆ ನಾಟಕದ ಯಜಮಾನನೇ ದುಡ್ಡು ಹಾಕಿದ್ದ, ನೋಡು” ಎಂಬುದು ಆ ಕಥೆಯ ಕೊನೆಯ ಸಾಲು. ಅಪ್ಪನ ಬೆಂಬಲ ಇಲ್ಲದಿದ್ದರೆ ನಾನು ಇಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ.

ಪಟ್ಟಿ

ಈ ಪದವಿಗೆ ಸೇರಲು ಎರಡು ಬಾಗಿಲು ದಾಟಬೇಕು. ಒಂದು ವಿಶ್ವವಿದ್ಯಾಲಯದ್ದು: ಅಂಕ, ಪ್ರಬಂಧ, ಶಿಫಾರಸು ಪತ್ರ. ಇನ್ನೊಂದು ರಂಗವಿಭಾಗದ್ದು: ಮೊದಲು ಪ್ರೀಸ್ಕ್ರೀನ್ ಎಂಬ ವಿಡಿಯೊ ಸುತ್ತು, ಅದರಲ್ಲಿ ಉಳಿದವರಿಗೆ ಜನವರಿ, ಫೆಬ್ರುವರಿಯಲ್ಲಿ ನೇರ ಆಡಿಷನ್. ಹೆಚ್ಚಿನ ಕಡೆ ಎರಡೂ ತೆರೆಯಬೇಕು.

ನಾವು ಪಟ್ಟಿ ಮಾಡಿದ್ದು ಸಿಇಟಿ ಕೌನ್ಸೆಲಿಂಗ್‌ಗೆ ಕಾಲೇಜು ಬರೆದ ಹಾಗೆ, ದೊಡ್ಡ ಹೆಸರಿನಿಂದ ಕೆಳಗೆ. ಕಾರ್ನೆಗಿ ಮೆಲನ್, ಮಿಷಿಗನ್, ಸಿನ್ಸಿನಾಟಿಯ ಸಿಸಿಎಂ ಎಂಬ ಸಂಗೀತ ಕಾಲೇಜು, ಬಾಸ್ಟನ್ ಕನ್ಸರ್ವೇಟರಿ ಇಂಥ ಹೆಸರುಗಳು ಈ ಲೋಕದಲ್ಲಿ ಎಲ್ಲರ ಬಾಯಲ್ಲೂ ಇವೆ. ಕಾರ್ನೆಗಿ ಮೆಲನ್ ಅಮೆರಿಕದಲ್ಲಿ ನಾಟಕಕ್ಕೆ ಮೊತ್ತಮೊದಲು ಪದವಿ ಕೊಟ್ಟ ಸಂಸ್ಥೆ. ಆ ವಿಭಾಗ ಶುರುವಾದದ್ದು 1914ರಲ್ಲಿ. ಮಿಷಿಗನ್ ವಿಶ್ವವಿದ್ಯಾಲಯ ಇರುವ ಆ್ಯನ್ ಆರ್ಬರ್ ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಹತ್ತಿರ ಇದೆ ಎಂಬ ಕಾರಣಕ್ಕೆ ಅದು ನಮ್ಮದೇ ಎಂಬ ಭಾವನೆ ಮನೆಯಲ್ಲಿ ಹೇಗೋ ಬೆಳೆದಿತ್ತು. ಇಂಥ ಕಡೆಗಳಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಬಾಗಿಲು ತಟ್ಟುತ್ತಾರೆ, ಹಲವೆಡೆ ಸೀಟುಗಳು ಇಪ್ಪತ್ತರ ಆಸುಪಾಸು.

ನಮಗೆ ಅರ್ಥವಾಗದೆ ಉಳಿದದ್ದು ಸಂಖ್ಯೆಯಲ್ಲ, ಆಯ್ಕೆಯ ರೀತಿ. ಸಿಇಟಿಯಲ್ಲಿ 900ನೆಯ ರ‍್ಯಾಂಕ್ ಬಂದವಳು 901ನೆಯವಳಿಗಿಂತ ಮುಂದೆ, ಅಷ್ಟೇ. ಇಲ್ಲಿ ಹಾಗಿಲ್ಲ. ಆಯ್ಕೆ ಮಾಡುವವರು ನಾಲ್ಕು ವರ್ಷ ಒಟ್ಟಿಗೆ ಆಡಬಲ್ಲ ಒಂದು ಮೇಳವನ್ನು ಕಟ್ಟುತ್ತಾರೆ: ಎತ್ತರದ ದನಿಗಳು ಇಷ್ಟು, ತಗ್ಗಿನವು ಇಷ್ಟು, ನೃತ್ಯದಲ್ಲಿ ಗಟ್ಟಿಗರು ಇಷ್ಟು, ನಗಿಸಬಲ್ಲವರು ಇಷ್ಟು. ನಿಮ್ಮ ಮಗುವಿನಂಥ ದನಿ ಅವರಿಗೆ ಈಗಾಗಲೇ ಸಿಕ್ಕಿದ್ದರೆ, ಮಗು ಎಷ್ಟು ಚೆನ್ನಾಗಿ ಹಾಡಿದರೂ ಜಾಗವಿರುವುದಿಲ್ಲ. ಇದನ್ನು ಅಪ್ಪನಿಗೆ ವಿವರಿಸಿದಾಗ ಅವರು ತಕ್ಷಣ, “ಅಂದರೆ ಪಾತ್ರ ಹಂಚುವುದು” ಎಂದರು. ಆರು ತಿಂಗಳಲ್ಲಿ ನಮಗೆ ಹೊಳೆಯದ್ದು ಅವರಿಗೆ ಒಂದು ಮಾತಿನಲ್ಲಿ ಹೊಳೆಯಿತು.

ಹಾಗಾಗಿ ದೊಡ್ಡ ಹೆಸರು ಸಿಗದಿದ್ದರೆ ಅದರ ಕೆಳಗಿನದು ಸಿಕ್ಕೇ ಸಿಗುತ್ತದೆ ಎಂಬ ನಮ್ಮ ಲೆಕ್ಕಕ್ಕೆ ಆಧಾರವೇ ಇರಲಿಲ್ಲ. ಆಡಿಷನ್ ಇಲ್ಲದೆ ಸೇರಬಹುದಾದ ಒಂದು ಕಾಲೇಜೂ ಪಟ್ಟಿಯಲ್ಲಿರಲಿಲ್ಲ. ನಾಲ್ಕು ಖಾಸಗಿ ಕಾಲೇಜುಗಳಲ್ಲಿ ಒಂದೊಂದರ ಒಟ್ಟು ವೆಚ್ಚವೂ ವರ್ಷಕ್ಕೆ 80,000 ಡಾಲರ್ ದಾಟುತ್ತಿತ್ತು. ಅದನ್ನು ನಾನೂ ಗಂಡನೂ ಓದಿದ್ದೆವು. ಮಗಳಿಗೆ ಹೇಳಲಿಲ್ಲ.

ಪ್ರೀಸ್ಕ್ರೀನ್

ಹದಿಮೂರರಲ್ಲಿ ಹನ್ನೆರಡಕ್ಕೆ ವಿಡಿಯೊ ಬೇಕಿತ್ತು. ಒಂದೊಂದು ಕಾಲೇಜು ಒಂದೊಂದು ರೀತಿ ಕೇಳಿ ಮಕ್ಕಳನ್ನು ಹೈರಾಣಾಗಿಸುತ್ತಿದ್ದ ಕಾಲವಿತ್ತು. ಈಗ ಬಹಳಷ್ಟು ಕಾಲೇಜುಗಳು ಸೇರಿ ಒಂದು ಸಾಮಾನ್ಯ ನಮೂನೆ ಮಾಡಿಕೊಂಡಿವೆ. ಒಂದಕ್ಕೊಂದು ಭಿನ್ನವಾದ ಎರಡು ಹಾಡಿನ ತುಣುಕು, ತಲಾ 60ರಿಂದ 90 ಸೆಕೆಂಡು. ಪ್ರಕಟವಾದ ನಾಟಕದಿಂದ, ವಯಸ್ಸಿಗೆ ಒಪ್ಪುವ ಒಂದು ಸ್ವಗತ. ಒಂದು ನೃತ್ಯ. ಶುರುವಿನಲ್ಲಿ ಹೆಸರು ಹೇಳುವ ಸ್ಲೇಟ್. ಬೇಕೆನಿಸಿದರೆ ವೈಲ್ಡ್ ಕಾರ್ಡ್, ಅಂದರೆ ನೀವು ಯಾರೆಂದು ತೋರಿಸುವ ಯಾವುದೇ ವಿಡಿಯೊ. ಮಧ್ಯೆ ಕತ್ತರಿಸಿ ಜೋಡಿಸುವಂತಿಲ್ಲ. ಒಂದೇ ಉಸಿರಿನಲ್ಲಿ ಮುಗಿಯಬೇಕು.

ಸೆಪ್ಟೆಂಬರ್, ಅಕ್ಟೋಬರ್‌ನ ಶನಿವಾರಗಳೆಲ್ಲ ಇದಕ್ಕೇ ಹೋದವು. ಬೂದುಬಣ್ಣದ ಒಂದು ಬೆಡ್‌ಶೀಟನ್ನು ಗೋಡೆಗೆ ಕಟ್ಟಿ, ಊಟದ ಮೇಜನ್ನು ಗ್ಯಾರೇಜಿಗೆ ಸಾಗಿಸಿ, ಫ್ರಿಜ್ಜಿನ ಸದ್ದು ಬರದಂತೆ ಅದರ ಪ್ಲಗ್ ತೆಗೆಯುತ್ತಿದ್ದೆವು. ಎರಡನೆಯ ಹಾಡಿನ ಹನ್ನೊಂದನೆಯ ಯತ್ನ ನನಗೆ ಚೆನ್ನಾಗಿ ನೆನಪಿದೆ. ಅದುವರೆಗಿನದರಲ್ಲಿ ಅದೇ ಉತ್ತಮ. ಕೊನೆಯ ಸ್ವರ ಹಿಡಿದು ನಿಲ್ಲಿಸುತ್ತಿದ್ದಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನಾನೇ ಬೇಳೆಗೆ ಇಟ್ಟಿದ್ದೆ. ಮಗಳು ಏನೂ ಅನ್ನಲಿಲ್ಲ. ನೀರು ಕುಡಿದು ಮತ್ತೆ ಗುರುತು ಹಾಕಿದ ಜಾಗದಲ್ಲಿ ಹೋಗಿ ನಿಂತಳು. ಅವಳು ಹಾಗೆ ಮರಳಿ ನಿಂತ ರೀತಿ ನೋಡಿ, ಈ ಹುಡುಗಿಗೆ ಈ ದಾರಿಯಲ್ಲಿ ನಡೆಯುವ ಶಕ್ತಿಯಿದೆ ಎಂದು ನನಗೆ ಮೊದಲ ಬಾರಿಗೆ ಪೂರ್ತಿ ನಂಬಿಕೆ ಬಂತು.

ಅವಳ ಗಾಯನದ ಶಿಕ್ಷಕಿ ಗುರುತಿಸಿದ ಒಂದು ವಿಷಯ ನಮ್ಮ ಮಕ್ಕಳಿಗೆಲ್ಲ ಅನ್ವಯಿಸುತ್ತದೆ. ಕರ್ನಾಟಕ ಸಂಗೀತ ಕಲಿತ ಗಂಟಲು ಸ್ವರಕ್ಕೆ ಜಾರಿಕೊಂಡು ಬರುತ್ತದೆ. ನಮಗೆ ಅದು ಗಮಕ, ಸೊಗಸು. ಇಲ್ಲಿಯ ಪಿಯಾನೊ ಎದುರು ಅದು ಸ್ವರ ಹುಡುಕುತ್ತಿರುವ ಹಾಗೆ ಕೇಳಿಸುತ್ತದೆ. ನೇರವಾಗಿ ಸ್ವರದ ನೆತ್ತಿಯ ಮೇಲೆ ಹೆಜ್ಜೆಯಿಡುವುದನ್ನು ಅವಳು ನಾಲ್ಕು ತಿಂಗಳು ಅಭ್ಯಾಸ ಮಾಡಿದಳು. ನೃತ್ಯದಲ್ಲಿಯೂ ಹಾಗೆಯೇ: ಅರೆಮಂಡಿ ದೇಹದ ಭಾರವನ್ನು ನೆಲಕ್ಕೆ ಕೊಡುತ್ತದೆ, ಬ್ಯಾಲೆ ಅದೇ ಭಾರವನ್ನು ಮೇಲಕ್ಕೆ ಎತ್ತಿಕೊಳ್ಳುತ್ತದೆ. ಮಂಡಿ ಹೊರಕ್ಕೆ ತಿರುಗುವುದು ಎರಡರಲ್ಲೂ ಇದೆ, ಆದರೆ ಬೆನ್ನಿನ ಯೋಚನೆ ಬೇರೆ. ಅವಳಿಗೆ ಕೈಹಿಡಿದದ್ದು ಲಯ. ಹೊಸ ಹೆಜ್ಜೆಗಳನ್ನು ಅವಳು ಜತಿಯಾಗಿ ಬಾಯಲ್ಲಿ ಹೇಳಿಕೊಂಡು ಕಲಿಯುತ್ತಾಳೆ.

ವೈಲ್ಡ್ ಕಾರ್ಡ್‌ಗೆ ಅವಳು ಅಜ್ಜನನ್ನು ಕೇಳಿದಳು. ಅಪ್ಪ ವಾಟ್ಸ್‌ಆ್ಯಪ್ ಕರೆಯಲ್ಲಿ ಕಂಪನಿ ನಾಟಕದ ಧಾಟಿಯ ಒಂದು ಕಂದವನ್ನು ಹೇಳಿಕೊಟ್ಟರು. ಅದನ್ನು ಹಾಡಿ, ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಎರಡು ಸಾಲು ಹೇಳಿ, ಒಂದು ನಿಮಿಷದಲ್ಲಿ ಮುಗಿಸಿದಳು. ಗಮಕವನ್ನು ಬಚ್ಚಿಡಬೇಕಾಗಿರದ ಒಂದೇ ಒಂದು ವಿಡಿಯೊ ಅದು.

ಡಿಸೆಂಬರ್

ಉತ್ತರಗಳು ಇಮೇಲಿನಲ್ಲಿ ಬಂದವು, ಹೆಚ್ಚಾಗಿ ಶಾಲೆ ನಡೆಯುವ ಹೊತ್ತಿನಲ್ಲಿ. ಹನ್ನೆರಡರಲ್ಲಿ ಎಂಟು ಕಡೆ ಬೇಡ ಎಂದರು. ನಾಲ್ಕು ಕಡೆ ನೇರ ಆಡಿಷನ್‌ಗೆ ಕರೆದರು. ಈ ಲೋಕ ತಿಳಿದವರು ನಾಲ್ಕು ಎಂದರೆ ಒಳ್ಳೆಯದು ಎನ್ನುತ್ತಾರೆ. ಹದಿನೇಳರ ಹುಡುಗಿಗೆ ಎಂಟು ಬೇಡಗಳು ಎಂಟೇ.

ಆರನೆಯ ‘ಬೇಡ’ ಬಂದ ಸಂಜೆ ಅವಳು ಸ್ನಾನದ ಮನೆಯ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತು, “ಯಾಕೆ ಹಾಗಾಯಿತು? ಯಾವ ಹಾಡು ಕಳುಹಿಸಿದ್ದೆ ಅವರಿಗೆ?” ಎಂದು ಕೇಳುತ್ತಿದ್ದೆ. ಗಂಡ ಬಂದು ನನ್ನ ಭುಜ ಹಿಡಿದು ಪಕ್ಕಕ್ಕೆ ಕರೆದೊಯ್ದರು. ಆ ರಾತ್ರಿ ಅವಳು ಹೇಳಿದ ಮಾತು ನನ್ನೊಳಗೆ ಇನ್ನೂ ಇದೆ: “ನೀವು ಎಷ್ಟು ಖರ್ಚು ಮಾಡುತ್ತಿದ್ದೀರಿ ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಒಂದೊಂದು ಇಮೇಲ್ ಬಂದಾಗಲೂ ನಿಮ್ಮ ಮನೆ ಮುಳುಗಿಸುತ್ತಿದ್ದೇನೆ ಅನಿಸುತ್ತದೆ.”

ನಾವು ಅವಳಿಂದ ಚಿಂತೆಯನ್ನು ತೆಗೆದಿರಲಿಲ್ಲ. ಅದರ ಅಳತೆಯನ್ನು ಮಾತ್ರ ತೆಗೆದಿದ್ದೆವು.

2024ರ ಜನವರಿ 1ರಂದು ಮೂವರೂ ಕೂತೆವು. ಗಂಡ ಒಂದು ಬಿಳಿ ಹಾಳೆಯ ಮೇಲೆ ಬರೆದರು: ಅಲ್ಲಿಯವರೆಗೆ ಅರ್ಜಿ ಶುಲ್ಕ, ಪಾಠ, ಪಿಯಾನೊ ಟ್ರ್ಯಾಕುಗಳಿಗೆ ಆದ ಖರ್ಚು. ಮುಂದೆ ನಾವು ಕೊಡಬಲ್ಲದ್ದು ವರ್ಷಕ್ಕೆ 30,000 ಡಾಲರ್, ಊಟ ವಸತಿ ಸೇರಿ, ನಾಲ್ಕು ವರ್ಷ. ತಮ್ಮನ ಓದಿಗೆ ಎತ್ತಿಡಬೇಕಾದದ್ದು ಬೇರೆ. ಮೊದಲ ವರ್ಷ ಅವಳ ಹೆಸರಿನಲ್ಲಿ ಸಿಗುವ ಸರ್ಕಾರಿ ಸಾಲ 5,500 ಡಾಲರ್. ಅದನ್ನು ತೆಗೆದುಕೊಳ್ಳುವುದು ಅವಳಿಗೆ ಬಿಟ್ಟದ್ದು. ಅದಕ್ಕೂ ಮೇಲೆ ಬೇಕಾದರೆ ತಂದೆತಾಯಿ ಸಾಲ ಮಾಡಬೇಕು, ನಾವು ಮಾಡುವುದಿಲ್ಲ. ಕೊನೆಯ ವಾಕ್ಯ ಹೇಳುವಾಗ ಗಂಡನ ದನಿ ತಗ್ಗಿತು. ಮಗಳು ಹಾಳೆಯನ್ನು ಎರಡು ಸಲ ಓದಿದಳು. ಅಳಲಿಲ್ಲ. “ಇದನ್ನು ಆಗಸ್ಟಿನಲ್ಲೇ ಕೊಟ್ಟಿದ್ದರೆ ನಾನು ಬೇರೆ ಪಟ್ಟಿ ಮಾಡುತ್ತಿದ್ದೆ” ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಅವಳೇ ಮೂರು ಹೆಸರು ತಂದಳು. ಎರಡು ಪ್ರೀಸ್ಕ್ರೀನ್ ಇಲ್ಲದೆ ನೇರ ಆಡಿಷನ್ ಕೊಡುವ ಕಡೆ, ಒಂದು ಆಡಿಷನ್ನೇ ಇಲ್ಲದ ಬಿಎ ನಾಟಕ, ನಮ್ಮದೇ ರಾಜ್ಯದಲ್ಲಿ. ಮೂರಕ್ಕೂ ಗಡುವು ಉಳಿದಿತ್ತು.

ಷಿಕಾಗೊ

ಯೂನಿಫೈಡ್ಸ್ ಎಂದು ಕರೆಯುವ ಒಂದು ವ್ಯವಸ್ಥೆಯಿದೆ. ಹತ್ತಾರು ಕಾಲೇಜುಗಳು ಒಂದೇ ಊರಿಗೆ ಬಂದು ಕೆಲವೇ ದಿನಗಳಲ್ಲಿ ಆಡಿಷನ್ ನಡೆಸುತ್ತವೆ. ನ್ಯೂಯಾರ್ಕ್, ಷಿಕಾಗೊ, ಲಾಸ್ ಏಂಜಲೀಸ್ ಮುಖ್ಯ ಕೇಂದ್ರಗಳು. ಒಂದೊಂದು ಕಾಲೇಜಿಗೂ ಹಾರುವ ಖರ್ಚು ಇದರಿಂದ ಉಳಿಯುತ್ತದೆ. ಫೆಬ್ರುವರಿ ಮೊದಲ ವಾರ ನಾವು ಐ-94 ಹೆದ್ದಾರಿ ಹಿಡಿದು ಸುಮಾರು ಐದು ಗಂಟೆ ಓಡಿಸಿ ಷಿಕಾಗೊ ತಲುಪಿದೆವು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಆ ಒಂದು ಗಂಟೆಯನ್ನು ಅವಳಿಗೆ ನಿದ್ದೆಯಾಗಿ ಕೊಟ್ಟೆವು.

ಊರ ನಡುವಿನ ದೊಡ್ಡ ಹೋಟೆಲು. ಮೇಲಿನ ಮಹಡಿಗಳ ಕಾರಿಡಾರಿನುದ್ದಕ್ಕೂ ಗೋಡೆಗೆ ಒರಗಿ ಕುಳಿತ ಮಕ್ಕಳು, ಅವರ ಪಕ್ಕದಲ್ಲಿ ಕೋಟು, ಚೀಲ, ಮೂರು ಬಗೆಯ ಶೂಗಳನ್ನು ಹಿಡಿದ ಅಪ್ಪ ಅಮ್ಮಂದಿರು. ಒಂದೊಂದು ಬಾಗಿಲಿಗೂ ಒಂದೊಂದು ಕಾಲೇಜಿನ ಹೆಸರಿನ ಕಾಗದ. ಮೆಟ್ಟಿಲಸಾಲಿನಲ್ಲಿ ನಾಲ್ಕು ಮಹಡಿಯ ಮಕ್ಕಳು ಏಕಕಾಲಕ್ಕೆ ಗಂಟಲು ಬಿಸಿ ಮಾಡಿಕೊಳ್ಳುತ್ತಿದ್ದರು, ಒಬ್ಬರ ಸ್ವರ ಇನ್ನೊಬ್ಬರ ಸ್ವರಕ್ಕೆ ತಾಗುತ್ತಿತ್ತು. ಹೋಟೆಲಿನ ಬಿಸಿಗಾಳಿ ಗಂಟಲನ್ನು ಒಣಗಿಸುತ್ತದೆ ಎಂದು ಮನೆಯಿಂದಲೇ ಹ್ಯುಮಿಡಿಫೈಯರ್ ಒಯ್ದಿದ್ದೆವು. ರಾತ್ರಿಯಿಡೀ ಅದರ ಹಬೆಯಲ್ಲಿ ಮಲಗಿದೆವು.

ಅವಳ ಕೈಯಲ್ಲಿ ಒಂದು ಕಪ್ಪು ಫೋಲ್ಡರ್. ಅದರಲ್ಲಿ ಹಾಡುಗಳ ಸ್ವರಲಿಪಿ, ಹೊಳೆಯದ ಪ್ಲಾಸ್ಟಿಕ್ ಹಾಳೆಗಳೊಳಗೆ. ಒಳಗೆ ಕುಳಿತ ಪಿಯಾನೊ ವಾದಕರು ಅಪರಿಚಿತರು, ಅಭ್ಯಾಸಕ್ಕೆ ಸಮಯವಿಲ್ಲ. ಎಲ್ಲಿಂದ ಶುರು, ಎಲ್ಲಿ ಹಾರಬೇಕು, ಎಲ್ಲಿ ಮುಗಿತಾಯ ಎಂಬುದು ಪುಟದ ಮೇಲೆ ಕಂಡರೆ ಅವರು ಕೈಹಿಡಿದು ನಡೆಸುತ್ತಾರೆ. ಲಯ ಎಷ್ಟೆಂದು ಚಿಟಿಕೆ ಹೊಡೆದು ತೋರಿಸಬಾರದು, ಅದು ಅಗೌರವ. ಮೊದಲ ಸಾಲನ್ನು ಮೆಲ್ಲಗೆ ಗುನುಗಿ ತಿಳಿಸಬೇಕು. ನಮ್ಮ ಪಕ್ಕವಾದ್ಯದವರಿಗೆ ಕೊಡುವ ಮರ್ಯಾದೆಯೇ ಇದು ಎಂದು ಮಗಳಿಗೆ ಬೇಗ ಅರ್ಥವಾಗಿತ್ತು.

ಡಿಸೆಂಬರಿನ ಆ ಸಂಜೆಯ ನಂತರ ಅವಳು ನಮಗೊಂದು ನಿಯಮ ಹಾಕಿದ್ದಳು: ಕೋಣೆಯಿಂದ ಹೊರಬಂದಾಗ ‘ಹೇಗಾಯಿತು’ ಎಂದು ಕೇಳಕೂಡದು. ಹಾಗಾದರೆ ಏನು ಕೇಳಬೇಕು ಎಂದದ್ದಕ್ಕೆ, “ಊಟ ಮಾಡುತ್ತೀಯಾ ಎಂದು ಕೇಳು” ಎಂದಿದ್ದಳು. ಮೂರು ದಿನದಲ್ಲಿ ಐದು ಆಡಿಷನ್. ಐದು ಸಲವೂ ಅದನ್ನೇ ಕೇಳಿದೆ. ಸ್ಟೀಲಿನ ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಬಿಸಿನೀರು ಇತ್ತು. ಮೂರನೆಯ ಸಲ ಅವಳು ತಿನ್ನುತ್ತಾ ತಾನಾಗಿಯೇ ಹೇಳಿದಳು: ಸ್ವಗತದ ನಡುವೆ ಪ್ರಾಧ್ಯಾಪಕರೊಬ್ಬರು ನಿಲ್ಲಿಸಿ, “ಇದನ್ನೇ ನಿನ್ನ ತಮ್ಮನಿಗೆ ಗುಟ್ಟು ಹೇಳುವ ಹಾಗೆ ಹೇಳು” ಎಂದರಂತೆ. ಹೇಳಿದಳಂತೆ. “ಅಮ್ಮ, ಅಲ್ಲಿ ನನಗೆ ಖುಷಿಯಾಯಿತು” ಎಂದಳು. ಕೇಳುವುದನ್ನು ನಿಲ್ಲಿಸಿದ ಮೇಲೆ ನಮಗೆ ಸಿಕ್ಕ ಮೊದಲ ಉತ್ತರ ಅದು.

ಐದರಲ್ಲಿ ಒಂದು ವಾಕ್-ಇನ್, ಅಂದರೆ ಮೊದಲೇ ಹೆಸರು ಕೊಡದೆ, ಬಾಗಿಲ ಬಳಿ ಕೇಳಿ ಪಡೆದದ್ದು. ಕೆಲವು ಕಾಲೇಜುಗಳು ಖಾಲಿ ಸಮಯವಿದ್ದರೆ ಹಾಗೆ ಒಳಗೆ ಬಿಡುತ್ತವೆ. ಅದನ್ನು ಕೇಳಲು ನಾನು ಎದ್ದಾಗ ಮಗಳು ತಡೆದು ತಾನೇ ಹೋದಳು. ಉಳಿದ ಮೂರು ಆಡಿಷನ್ ಆಯಾ ಕ್ಯಾಂಪಸ್ಸಿನಲ್ಲಿಯೇ ಆದವು. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಾರಿ ಗೊತ್ತಾದ ಮೇಲೆ ಪ್ರಯಾಣ ಹಗುರ.

ಏಪ್ರಿಲ್

ಎಂಟು ನೇರ ಆಡಿಷನ್‌ಗಳಲ್ಲಿ ಐದು ‘ಬೇಡ’, ಒಂದು ಕಾಯುವ ಪಟ್ಟಿ, ಎರಡು ‘ಬಾ’. ಬಿಎ ಕಾಲೇಜೂ ಸೀಟು ಕೊಟ್ಟಿತು. ‘ಬಾ’ ಎಂದವರಲ್ಲಿ ಒಂದು ಬೇರೆ ರಾಜ್ಯದ ಖಾಸಗಿ ಕಾಲೇಜು, ಗುಟ್ಟು ಹೇಳು ಎಂದ ಆ ಪ್ರಾಧ್ಯಾಪಕರು ಇದ್ದದ್ದು. ಇನ್ನೊಂದು ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ, ಪ್ರೀಸ್ಕ್ರೀನ್ ಕೇಳದಿದ್ದ ಹದಿಮೂರನೆಯದು. ಪಟ್ಟಿಯ ತೀರ ಕೆಳಗೆ ಬರೆದಿದ್ದ ಹೆಸರು.

ಆ ವರ್ಷ ಸರ್ಕಾರಿ ಧನಸಹಾಯದ ಅರ್ಜಿಯಾದ ಎಫ್‌ಎಎಫ್‌ಎಸ್‌ಎ ಹೊಸ ರೂಪ ಪಡೆಯಿತು. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುವುದು ಡಿಸೆಂಬರ್ ಕೊನೆಗೆ ತೆರೆಯಿತು, ಕಾಲೇಜುಗಳು ಎಷ್ಟು ನೆರವು ಕೊಡುತ್ತವೆ ಎಂಬ ಪತ್ರಗಳೂ ತಡವಾದವು. ಮೇ 1ರೊಳಗೆ ನಿರ್ಧಾರ ತಿಳಿಸುವುದು ರೂಢಿ. ಹಲವು ಕಾಲೇಜುಗಳು ಆ ಗಡುವನ್ನೇ ಮುಂದೂಡಿದವು. ಖಾಸಗಿ ಕಾಲೇಜಿನ ಪತ್ರ ನಮಗೆ ಬಂದದ್ದು ಏಪ್ರಿಲ್ ಮೂರನೆಯ ವಾರ. ವಿದ್ಯಾರ್ಥಿವೇತನ ಕಳೆದು ವರ್ಷಕ್ಕೆ 47,000 ಡಾಲರ್. ಮರುಪರಿಶೀಲಿಸಿ ಎಂದು ಬರೆಯಬಹುದು, ಅದರಲ್ಲಿ ಸಂಕೋಚ ಬೇಡ, ಬರೆದೆವು. ಇನ್ನೂ 4,000 ಇಳಿಸಿದರು. 43,000.

ಜನವರಿಯ ಹಾಳೆ ಫ್ರಿಜ್ಜಿನ ಬಾಗಿಲಿನ ಮೇಲಿತ್ತು. ನಾವಿಬ್ಬರೂ ಅದರ ಕಡೆ ನೋಡಲಿಲ್ಲ. ಒಂದು ರಾತ್ರಿ ಗಂಡ ನನಗೆ, “ಮನೆಯ ಮೇಲೆ ಸಾಲ ತೆಗೆದರೆ?” ಎಂದರು. ನಮ್ಮಪ್ಪ ಮಾಡಿದ್ದೂ ಅದನ್ನೇ ಅಲ್ಲವೇ ಎಂದು ನನಗೂ ಅನಿಸಿತ್ತು. ಬೆಳಿಗ್ಗೆ ಎದ್ದಾಗ ಮಗಳು ಆ ಹಾಳೆಯ ಕೆಳಗೆ ಪೆನ್ಸಿಲ್ಲಿನಲ್ಲಿ 43ರಿಂದ 30 ಕಳೆದು, ನಾಲ್ಕರಿಂದ ಗುಣಿಸಿ, 52,000 ಎಂದು ಬರೆದಿದ್ದಳು. ಪಕ್ಕದಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಹೆಸರು, ಅದರ ವಾರ್ಷಿಕ ವೆಚ್ಚ 27,500, ಅದಕ್ಕೊಂದು ವೃತ್ತ.

ಖಾಸಗಿ ಕಾಲೇಜಿಗೆ ಬರುವುದಿಲ್ಲ ಎಂದು ಅವಳೇ ಬರೆದಳು. ಆ ಪ್ರಾಧ್ಯಾಪಕರಿಗೆ ಬೇರೆಯಾಗಿ ಒಂದು ಧನ್ಯವಾದ ಬರೆದಳು. ಬರೆದು ಮುಗಿಸಿ ಮಧ್ಯಾಹ್ನದವರೆಗೆ ಹೊದ್ದು ಮಲಗಿದಳು. ಅವಳಿಗೆ ನೋವಾಯಿತು, ಆಗಲಿಲ್ಲ ಎಂದು ನಾನು ಬರೆದರೆ ಅದು ಇನ್ನೊಂದು ‘ಚಿಂತೆ ನಮಗಿರಲಿ’ ಆಗುತ್ತದೆ. ಆದರೆ ಆ ನೋವಿನ ನಡುವೆ ನಮ್ಮ ಮೇಲೆ ಒಂದು ಕಹಿ ಮಾತೂ ಬರಲಿಲ್ಲ. ಲೆಕ್ಕ ಅವಳದೇ ಕೈಯಲ್ಲಿತ್ತು.

ಅದೇ ವರ್ಷ ಮೇ 31ರಂದು ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಒಂದೇ ವಾರದಲ್ಲಿ, ಜೂನ್ 7ಕ್ಕೆ, ಮುಚ್ಚುವುದಾಗಿ ಪ್ರಕಟಿಸಿತು, ಮುಚ್ಚಿತು. ಹದಿಮೂರಕ್ಕೆ ಇಳಿಸುವ ಮೊದಲಿನ ನಮ್ಮ ಉದ್ದ ಪಟ್ಟಿಯಲ್ಲಿ ಅದೂ ಇತ್ತು, ದೂರವೆಂದು ಬಿಟ್ಟಿದ್ದೆವು. ಸುದ್ದಿ ಓದಿದ ರಾತ್ರಿ ಸೆಪ್ಟೆಂಬರಿಗೆ ಅಲ್ಲಿ ಹೆಜ್ಜೆಯಿಡಬೇಕಿದ್ದ ಮಕ್ಕಳನ್ನು ನೆನೆದು ನನಗೆ ಊಟ ಸೇರಲಿಲ್ಲ. ಈಗ ಪರಿಚಯದವರು ಪಟ್ಟಿ ತಂದು ತೋರಿಸಿದಾಗ, ನಿಮ್ಮ ಕೈಯಲ್ಲಿ ಎಷ್ಟಿದೆ ಎಂಬುದರ ಜೊತೆಗೆ ಆ ಕಾಲೇಜಿನ ಕೈಯಲ್ಲಿ ಎಷ್ಟಿದೆ ಎಂಬುದನ್ನೂ ವಿಚಾರಿಸಿ ಎನ್ನುತ್ತೇನೆ.

ಮಗಳ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಮುಖ್ಯ ರಂಗದಲ್ಲಿ ಪಾತ್ರ ಕೊಡುವುದಿಲ್ಲ. ಎರಡನೆಯ ವರ್ಷದ ಅಕ್ಟೋಬರಿನಲ್ಲಿ ಗುಂಪಿನಲ್ಲೊಂದು ಪಾತ್ರ ಸಿಕ್ಕಿತು, ಒಂಟಿಯಾಗಿ ಹಾಡುವ ಎರಡು ಸಾಲಿನೊಂದಿಗೆ. ಹಕ್ಕುಸ್ವಾಮ್ಯದ ನಿಯಮದಿಂದಾಗಿ ಸಭಾಂಗಣದಲ್ಲಿ ಚಿತ್ರೀಕರಣ ನಿಷಿದ್ಧ. ಅಪ್ಪನಿಗೆ ಏನು ಕಳುಹಿಸಲಿ ಎಂದು ಯೋಚಿಸುತ್ತಿದ್ದಾಗ ಅವಳು ಬಣ್ಣ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ರಾತ್ರಿ ಹತ್ತೂವರೆ, ದಾವಣಗೆರೆಯಲ್ಲಿ ಬೆಳಿಗ್ಗೆ ಎಂಟು. ಪಾರ್ಕಿಂಗ್ ಜಾಗದಲ್ಲಿ ನಿಂತು, ಫೋನಿನ ಸ್ಪೀಕರ್ ಹಾಕಿ, ಆ ಎರಡು ಸಾಲನ್ನು ಅಜ್ಜನಿಗೆ ಹಾಡಿ ತೋರಿಸಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪ, “ಒನ್ಸ್ ಮೋರ್” ಎಂದರು. ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು.